ಇಳಕಲ್ ಸೀರೆ ಸೋಮವಾರಕ್ಕೂ ಇರಲಿ

ಕಾಲೇಜುಗಳಲ್ಲಿ ಈಗ ‘ಎಥ್ನಿಕ್ ಡೇ’ ಸಾಮಾನ್ಯ. ಅಂದು ಹುಡುಗಿಯರು ಅಜ್ಜಿಯ ಟ್ರಂಕಿನಿಂದ ಇಳಕಲ್ ಸೀರೆ ತೆಗೆಯುತ್ತಾರೆ, ಗುಳೇದಗುಡ್ಡದ ಖಣದ ಕುಪ್ಪಸ ತೊಡುತ್ತಾರೆ. ಹುಡುಗರು ಧೋತರ ಉಟ್ಟು, ಬಾಡಿಗೆಗೆ ತಂದ ರುಮಾಲು ಸುತ್ತಿ ಫೋಟೊ ತೆಗೆಸಿಕೊಳ್ಳುತ್ತಾರೆ. ಬನದ ಹುಣ್ಣಿಮೆಗೆ ಸಿಂಧನೂರು ತಾಲ್ಲೂಕಿನ ಅಂಬಾಮಠದ ಜಾತ್ರೆಗೆ ಹೊರಟಾಗ, ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ಅಮರೇಶ್ವರನ ತೇರಿಗೆ ಹೋಗುವಾಗ, ಮದುವೆ, ಸೀಮಂತದ ಮನೆಗಳಲ್ಲಿ ಅದೇ ಬಟ್ಟೆ ಮತ್ತೊಮ್ಮೆ ಹೊರಬರುತ್ತದೆ. ಮರುದಿನ ಪುನಃ ಟ್ರಂಕಿಗೆ. ಇದು ಪರಂಪರೆಗೆ ನಾವು ತೋರಿಸುವ ಗೌರವ ಎಂದು ಅನೇಕರು ನಂಬಿದ್ದಾರೆ. ಆದರೆ ಉಡುಪೊಂದು ಬದುಕುವುದು ಗೌರವದಿಂದಲ್ಲ, ಬಳಕೆಯಿಂದ. ಉಡಬೇಕು, ಒಗೆಯಬೇಕು, ಸವೆಯಬೇಕು, ಸವೆದ ಮೇಲೆ ಇನ್ನೊಂದು ಕೊಳ್ಳಬೇಕು. ಈ ಸುತ್ತು ನಿಂತ ಬಟ್ಟೆ ಎಷ್ಟೇ ಚೆಂದವಿದ್ದರೂ ವೇಷವಾಗುತ್ತದೆ. ಅದನ್ನು ದಿನದ ಬದುಕಿಗೆ ತರುವುದು ಹೇಗೆ, ಎಲ್ಲಿ ತರಬಾರದು, ಕೊಳ್ಳುವಾಗ ಏನು ನೋಡಬೇಕು, ಒಗೆಯುವಾಗ ಏನು ಮರೆಯಬಾರದು ಎಂಬುದನ್ನು ಸಿಂಧನೂರು–ಮಸ್ಕಿ–ಲಿಂಗಸುಗೂರು ಸೀಮೆಯ ಬಿಸಿಲು, ಕೆಲಸ, ನೀರು, ರಸ್ತೆಗಳನ್ನು ಮುಂದಿಟ್ಟುಕೊಂಡು ನೋಡೋಣ.

ನಿತ್ಯ ಉಡುವವರು ಇನ್ನೂ ಇದ್ದಾರೆ ಎಂಬುದನ್ನು ಮೊದಲು ಒಪ್ಪಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ಭತ್ತದ ನಾಟಿಗೆ ಇಳಿದ ಹೆಣ್ಣುಮಕ್ಕಳನ್ನು ಗಮನಿಸಿ: ಸೀರೆಯನ್ನು ಮೊಣಕಾಲ ತನಕ ಎತ್ತಿ ಕಟ್ಟಿ, ಮೇಲೆ ಗಂಡಸರ ಉದ್ದ ತೋಳಿನ ಅಂಗಿ ತೊಟ್ಟು, ತಲೆಗೊಂದು ವಸ್ತ್ರ ಸುತ್ತಿರುತ್ತಾರೆ. ಅಂಗಿ ಬಿಸಿಲಿನಿಂದಲೂ ಪೈರಿನ ಎಲೆಯಂಚಿನಿಂದಲೂ ತೋಳು ಕಾಯುತ್ತದೆ, ಎತ್ತಿ ಕಟ್ಟಿದ ಸೀರೆ ಕೆಸರಿನಿಂದ ಪಾರಾಗುತ್ತದೆ. ಇದನ್ನು ಯಾರೂ ‘ಸಾಂಪ್ರದಾಯಿಕ ಉಡುಗೆ’ ಎಂದು ಕರೆದು ವೇದಿಕೆ ಹತ್ತಿಸುವುದಿಲ್ಲ. ಎಪಿಎಂಸಿಯಲ್ಲಿ ಚೀಲದ ಮೇಲೆ ಕುಳಿತು ದರ ಕೇಳುವ ಹಿರಿಯರ ಧೋತರ, ನೆಹರೂ ಶರ್ಟು, ರುಮಾಲಿಗೂ ಬಹುಮಾನವಿಲ್ಲ. ನಿಜವಾಗಿ ನಮ್ಮ ಸೀಮೆಯ ಉಡುಪನ್ನು ಉಳಿಸಿದವರು ಇವರೇ. ಉಳಿಸಿದ ರೀತಿಯನ್ನೂ ಗಮನಿಸಬೇಕು. ಸೀರೆಯ ಮೇಲೆ ಅಂಗಿ ಹಾಕಿಕೊಳ್ಳಬಾರದೆಂಬ ಶಾಸ್ತ್ರ ಅವರಿಗೆ ಅಡ್ಡಬರಲಿಲ್ಲ. ಕೆಲಸಕ್ಕೆ ಏನು ಬೇಕೋ ಅದನ್ನು ಹಳೆಯದಕ್ಕೆ ಸೇರಿಸಿಕೊಂಡರು. ಹಳೆಯ ಉಡುಪು ಹೊಸ ಬದುಕಿನಲ್ಲಿ ನಿಲ್ಲಬೇಕಾದರೆ ಈ ಸ್ವಾತಂತ್ರ್ಯವೇ ಮೊದಲ ಶರತ್ತು.

ಮಗ್ಗದ ಲೆಕ್ಕ

ದಿನಬಳಕೆ ಏಕೆ ಮುಖ್ಯ ಎಂಬುದಕ್ಕೆ ಉತ್ತರ ಮಗ್ಗದಲ್ಲಿದೆ. ಲಿಂಗಸುಗೂರಿನಿಂದ ಮುದಗಲ್ ದಾಟಿ ಪಶ್ಚಿಮಕ್ಕೆ ಹೋದರೆ ಬಾಗಲಕೋಟೆ ಜಿಲ್ಲೆಯ ಇಳಕಲ್. ಅಲ್ಲಿಯ ಸೀರೆಯ ವಿಶೇಷ ಬಣ್ಣಕ್ಕಿಂತ ಹೆಚ್ಚಾಗಿ ಜೋಡಣೆಯಲ್ಲಿದೆ. ಸೀರೆಯ ಮೈಗೆ ಒಂದು ಹಾಸು (ಉದ್ದದ ಎಳೆಗಳು), ಸೆರಗಿಗೆ ಬೇರೆ ಹಾಸು. ಮೈಯ ಹಾಸು ಹತ್ತಿಯದಿರಬಹುದು. ಸೆರಗಿನದು ರೇಷ್ಮೆ ಅಥವಾ ಕೃತಕ ರೇಷ್ಮೆ. ಸೆರಗು ಬರುವ ಜಾಗದಲ್ಲಿ ಮೈಯ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕುಣಿಕೆ ಹಾಕಿ ಸೇರಿಸುತ್ತಾರೆ. ಇದೇ ‘ತೋಪ ತೆನಿ’. ಅಂಚನ್ನು ಮೈಗೆ ಸೇರಿಸುವಾಗ ಮೂರು ಲಾಳಿ ಬಳಸಿ ಹೊಕ್ಕಿನ (ಅಡ್ಡ) ಎಳೆಗಳನ್ನು ಒಂದಕ್ಕೊಂದು ಸಿಕ್ಕಿಸುತ್ತಾರೆ, ಅದು ‘ಕೊಂಡಿ’. ಹದಿನಾರರಿಂದ ಇಪ್ಪತ್ತೇಳು ಇಂಚಿನಷ್ಟಿರುವ ಆ ಕೆಂಪು ಸೆರಗಿನಲ್ಲಿ ಬಿಳಿ ಎಳೆಗಳಿಂದ ಬಾಚಣಿಗೆಯ ಹಲ್ಲಿನಂಥ ‘ಹಣಿಗೆ’, ಕೋಟೆಯ ತೆನೆಯಂಥ ‘ಕೋಟಿ ಕಮ್ಮಲಿ’, ಜೋಳದ ತೆನೆ ಮೂಡುತ್ತವೆ. ಜೋಳ ಬೆಳೆಯುವ, ಕೋಟೆಗಳಿರುವ ನಾಡಿನ ಚಿತ್ರಗಳೇ ಅವು. ಇಷ್ಟು ಜೋಡಣೆ ಇರುವುದರಿಂದ ಒಂದೊಂದು ಸೀರೆಗೂ ಹಾಸನ್ನು ಪ್ರತ್ಯೇಕವಾಗಿ ಸಿದ್ಧಪಡಿಸಬೇಕು. ಕಾರ್ಖಾನೆಯಂತೆ ಉದ್ದಕ್ಕೆ ನೇಯ್ದು ಕತ್ತರಿಸುವಂತಿಲ್ಲ. ಹೆಣ್ಣುಮಕ್ಕಳು ಮನೆಯಲ್ಲೇ ನೂಲು ಸುತ್ತಿ, ಹಾಸು ಸಿದ್ಧಮಾಡಿ, ಕುಣಿ ಮಗ್ಗದಲ್ಲಿ ಕುಳಿತವರಿಗೆ ಕೊಡುತ್ತಾರೆ. ಇಡೀ ಮನೆಯ ದುಡಿಮೆ ಅದು.

ಇಂಥ ಮನೆಗೆ ಮದುವೆಯ ತಿಂಗಳುಗಳ ಬೇಡಿಕೆ ಮಾತ್ರ ಸಾಲದು. ಮದುವೆಗೆ ಕೊಳ್ಳುವ ಸೀರೆ ದುಬಾರಿ, ಆದರೆ ಅಪರೂಪ. ಉಳಿದ ತಿಂಗಳು ಮಗ್ಗ ಓಡಿಸುವುದು ಸಾಮಾನ್ಯ ಹತ್ತಿ ಸೀರೆಯ ನಿರಂತರ ಮಾರಾಟವೇ. ನಾವು ಹಬ್ಬಕ್ಕೆಂದು ಒಂದು ರೇಷ್ಮೆ ಇಳಕಲ್ ಕೊಂಡು ಹತ್ತು ವರ್ಷ ಜೋಪಾನ ಮಾಡಿದರೆ ನೇಕಾರನಿಗೆ ಹತ್ತು ವರ್ಷಕ್ಕೊಮ್ಮೆ ಕೆಲಸ ಸಿಕ್ಕಂತೆ. ಎರಡು ಹತ್ತಿ ಸೀರೆ ಕೊಂಡು ವಾರಕ್ಕೊಮ್ಮೆ ಉಟ್ಟು, ಕೆಲವು ವರ್ಷದಲ್ಲಿ ಸವೆಸಿ ಮತ್ತೆ ಕೊಂಡರೆ ಆ ಮಗ್ಗಕ್ಕೆ ಲಯ ಸಿಗುತ್ತದೆ. ಭೌಗೋಳಿಕ ಗುರುತು ಇಳಕಲ್ ಸೀರೆಗೂ ಇದೆ, ಗುಳೇದಗುಡ್ಡದ ಖಣಕ್ಕೂ ಇದೆ. ಕೆಲವು ಬಗೆಯ ಸೀರೆ, ಧೋತರ, ಟವೆಲ್‌ಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕೇಂದ್ರ ಕಾಯ್ದೆ 1985ರಲ್ಲೇ ಬಂದಿದೆ. 2015ರಿಂದ ಆಗಸ್ಟ್ 7ನ್ನು ರಾಷ್ಟ್ರೀಯ ಕೈಮಗ್ಗ ದಿನವಾಗಿ ಆಚರಿಸುತ್ತಿದ್ದೇವೆ. ಕಾನೂನು, ಮುದ್ರೆ, ದಿನಾಚರಣೆ ಎಲ್ಲವೂ ಹೆಸರನ್ನು ಕಾಯಬಲ್ಲವು, ಕೊಳ್ಳುವವರನ್ನು ಹುಟ್ಟಿಸಲಾರವು.

ದೂರದ ಒಂದು ನಿದರ್ಶನ ಈ ಮಾತನ್ನು ಸ್ಪಷ್ಟಪಡಿಸುತ್ತದೆ. ಜರ್ಮನಿಯ ಬವೇರಿಯಾ ಪ್ರಾಂತ್ಯದ ಹೆಂಗಸರ ‘ಡಿರ್ಂಡ್ಲ್’ ಮೂಲತಃ ಮನೆ, ಕೊಟ್ಟಿಗೆಯ ಕೆಲಸಕ್ಕೆ ತೊಡುತ್ತಿದ್ದ ಸಾದಾ ಬಟ್ಟೆ. ಗಂಡಸರ ಚರ್ಮದ ಚಡ್ಡಿ ‘ಲೆಡರ್‌ಹೋಸನ್’ ಗುಡ್ಡಗಾಡಿನ ದುಡಿಮೆಯ ಉಡುಪು. ಹತ್ತೊಂಬತ್ತನೇ ಶತಮಾನದಲ್ಲಿ ಇವು ಮರೆಯಾಗುತ್ತಿವೆ ಎನಿಸಿದಾಗ ಬೈರಿಶ್‌ಜೆಲ್ ಎಂಬ ಹಳ್ಳಿಯ ಶಾಲಾ ಮಾಸ್ತರ ಯೋಸೆಫ್ ಫೋಗ್ಲ್ 1883ರಲ್ಲಿ ಇವನ್ನು ಉಳಿಸಲೆಂದೇ ಒಂದು ಸಂಘ ಕಟ್ಟಿದ. ಇಂದು ಮ್ಯೂನಿಕ್‌ನ ಅಕ್ಟೋಬರ್ ಉತ್ಸವಕ್ಕೆ ಬರುವ ಪ್ರವಾಸಿಗರು ಅಗ್ಗದ ನಕಲು ಡಿರ್ಂಡ್ಲ್ ಕೊಂಡು ಒಂದೆರಡು ದಿನ ತೊಟ್ಟು ಬಿಸಾಡುವುದೂ ಉಂಟು. ಅದು ವೇಷದ ಮಾರುಕಟ್ಟೆ. ಆದರೆ ಅದೇ ನಾಡಿನಲ್ಲಿ ‘ಯಾಂಕರ್’ ಎಂಬ ಉಣ್ಣೆಯ ಸಾಂಪ್ರದಾಯಿಕ ಕೋಟನ್ನು ಜೀನ್ಸ್ ಮೇಲೆ ತೊಟ್ಟು ಕಚೇರಿಗೆ, ಚರ್ಚಿಗೆ ಹೋಗುವವರೂ ಇದ್ದಾರೆ. ಉಡುಪಿನ ಒಂದು ತುಂಡನ್ನು ಬೇರ್ಪಡಿಸಿ ಇಂದಿನ ಬಟ್ಟೆಯ ಜತೆ ಕೂಡಿಸಿದಾಗ ಅದು ದಿನಚರಿಗೆ ಒಗ್ಗಿತು. ಇಡೀ ಪೋಷಾಕನ್ನು ತಲೆಯಿಂದ ಕಾಲಿನವರೆಗೆ ತೊಡಲೇಬೇಕೆಂದು ಹಟ ಹಿಡಿದ ಕಡೆ ಅದು ಉತ್ಸವಕ್ಕೆ ಸೀಮಿತವಾಯಿತು.

ಇಷ್ಟು ದೂರ ಹೋಗದೆಯೂ ಇದನ್ನು ಕಾಣಬಹುದು. ಲಿಂಗಸುಗೂರು, ಮಸ್ಕಿ ಸುತ್ತಲಿನ ತಾಂಡಾಗಳಲ್ಲಿ ಲಂಬಾಣಿ ಹೆಂಗಸರ ಫೇಟಿಯಾ (ಲಂಗ), ಕಾಂಚಳಿ (ರವಿಕೆ), ಕನ್ನಡಿ ಕೂರಿಸಿದ ಓಢಣಿ ಈಗ ಹೆಚ್ಚಾಗಿ ವಯಸ್ಸಾದವರ ಮೈಮೇಲೆ ಮಾತ್ರ ಉಳಿದಿವೆ. ಭಾರ, ಸೆಕೆ, ಒಗೆಯುವ ಕಷ್ಟ, ಗುಳೆ ಹೋದ ಊರಿನಲ್ಲಿ ಜನ ತಿರುಗಿ ನೋಡುವ ಮುಜುಗರ, ಎಲ್ಲ ಸೇರಿ ಕಿರಿಯರು ಸೀರೆ, ಚೂಡಿದಾರಕ್ಕೆ ಬಂದರು. ಅವರನ್ನು ದೂರುವುದು ಅನ್ಯಾಯ. ಆದರೆ ಆ ಕಸೂತಿ ಸಾಯಲಿಲ್ಲ. ಸಂಡೂರಿನ ಕುಶಲ ಕಲಾ ಕೇಂದ್ರದಲ್ಲಿ ಅದೇ ಹೊಲಿಗೆ ಚೀಲ, ಕುರ್ತಾ, ದಿಂಬಿನ ಹೊದಿಕೆಗಳ ಮೇಲೆ ಬಂತು. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತೂ ಸಿಕ್ಕಿತು. ಪೂರ್ತಿ ಉಡುಪು ನಿಲ್ಲದ ಕಡೆ ಅದರ ಕಸುಬು ಚಿಕ್ಕ ತುಂಡುಗಳಲ್ಲಿ ನಿಂತಿತು.

ಎಲ್ಲಿಂದ ಶುರು ಮಾಡಬೇಕು?

ಹಾಗಾಗಿ ಮೊದಲ ಹೆಜ್ಜೆ ಚಿಕ್ಕದಿರಲಿ: ಖಣ. ಇಡೀ ಸೀರೆಗಿಂತ ಬಹಳ ಕಡಿಮೆ ಬೆಲೆಯಲ್ಲಿ ಸಿಗುವ ಈ ಕುಪ್ಪಸದ ಬಟ್ಟೆ, ಮನೆಯಲ್ಲಿರುವ ಸಾದಾ ಹತ್ತಿ ಸೀರೆಗೂ ಹೊಂದುತ್ತದೆ. ಖಣ ಕಡಿಮೆ ಅಗಲದ ಬಟ್ಟೆ. ತೋಳು ಉದ್ದ ಬೇಕಿದ್ದರೆ ಅಥವಾ ಮೈಕಟ್ಟು ದೊಡ್ಡದಿದ್ದರೆ ಎಷ್ಟು ಬೇಕೆಂದು ದರ್ಜಿಯನ್ನು ಕೇಳಿಯೇ ಕೊಳ್ಳಿ. ಹೊಲಿಯುವ ಮುನ್ನ ಒಮ್ಮೆ ತಣ್ಣೀರಿನಲ್ಲಿ ನೆನೆಸಿ ಒಣಗಿಸಿದರೆ ಆಮೇಲೆ ಕುಗ್ಗಿ ಬಿಗಿಯಾಗುವುದು ತಪ್ಪುತ್ತದೆ, ಬಣ್ಣ ಬಿಡುತ್ತದೆಯೇ ಎಂಬುದೂ ತಿಳಿಯುತ್ತದೆ. ಕೃತಕ ರೇಷ್ಮೆಯ ಖಣ ಸೆಕೆಗೆ ಹತ್ತಿಯಷ್ಟು ಹಿತವಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ಒಳಗೆ ತೆಳುವಾದ ಹತ್ತಿಯ ಅಸ್ತರ್ ಹಾಕಿಸಲೇಬೇಕು. ಪಕ್ಕದ ಹೊಲಿಗೆಯಲ್ಲಿ ಒಂದಿಂಚು ಬಟ್ಟೆ ಒಳಗೆ ಬಿಡಿಸಿದರೆ ಮುಂದೆ ಸಡಿಲಿಸಲು ಆಗುತ್ತದೆ. ಚೂಡಿದಾರ ತೊಡುವವರು ಖಣವನ್ನು ಕುರ್ತಾದ ಎದೆಪಟ್ಟಿಗೆ, ತೋಳಿನ ಅಂಚಿಗೆ ಬಳಸಬಹುದು. ಗಂಡಸರ ಕುರ್ತಾದ ಕಾಲರಿಗೂ ಅದು ಒಪ್ಪುತ್ತದೆ. ಹಳೆಯ ಸೀರೆಯ ಅಂಚು ಗಟ್ಟಿಯಿದ್ದು ಮೈ ಹರಿದಿದ್ದರೆ ಅದನ್ನೂ ಹೀಗೆಯೇ ಬಳಸಿ. ಗಟ್ಟಿ ಸೀರೆಯನ್ನು ಮಾತ್ರ ಕತ್ತರಿಸಬೇಡಿ. ಅದು ಇನ್ನೂ ಉಡಲು ಬರುತ್ತದೆ.

ಎರಡನೆಯದು ಸೀರೆ. ನಿತ್ಯಕ್ಕೆ ಹತ್ತಿಯ ಮೈಯಿರುವ ಆರು ಗಜದ ಇಳಕಲ್ ಸಾಕು. ಎಂಟು, ಒಂಬತ್ತು ಗಜದ್ದು ಕಚ್ಚೆ ಹಾಕಿ ಉಡುವವರಿಗೆ. ಅಂಗಡಿಯಲ್ಲಿ ಸೆರಗು ಮತ್ತು ಮೈ ಸೇರುವ ಗೆರೆಯನ್ನು ಹುಡುಕಿ, ಬಟ್ಟೆ ಮಡಚಿ ಬೆರಳಾಡಿಸಿ. ತೋಪ ತೆನಿಯ ಸೀರೆಯಲ್ಲಿ ಅಲ್ಲಿ ಕುಣಿಕೆಗಳ ಸಣ್ಣ ದಿಂಡು ಬೆರಳಿಗೆ ಹತ್ತುತ್ತದೆ, ಹಾಸಿನ ಎಳೆಯ ಬಣ್ಣ ಆ ಗೆರೆಯಲ್ಲೇ ಬದಲಾಗುತ್ತದೆ. ಪವರ್‌ಲೂಮಿನ ನಕಲಿನಲ್ಲಿ ಹಾಸು ಒಂದೇ. ಕೆಂಪು ಸೆರಗು ಹೊಕ್ಕಿನ ಬಣ್ಣದಿಂದ ಬಂದಿರುವುದರಿಂದ ಜೋಡಣೆಯ ಗೆರೆ ಇರುವುದಿಲ್ಲ. 2006ರಲ್ಲಿ ಬಂದ ‘ಹ್ಯಾಂಡ್‌ಲೂಮ್ ಮಾರ್ಕ್’, 2015ರ ‘ಇಂಡಿಯಾ ಹ್ಯಾಂಡ್‌ಲೂಮ್’ ಗುರುತಿನ ಚೀಟಿಗಳನ್ನೂ ಕೇಳಬಹುದು. ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ‘ಪ್ರಿಯದರ್ಶಿನಿ’ ಮಳಿಗೆಗಳು ಮತ್ತು ನೇಕಾರರ ಸಹಕಾರ ಸಂಘಗಳು ನಂಬಿಕೆಯ ಜಾಗಗಳು. ಪವರ್‌ಲೂಮ್ ಸೀರೆ ಉಡುವುದು ತಪ್ಪೇನಲ್ಲ. ಹೊಲದ ಕೆಲಸಕ್ಕೆ, ಕೈಯಲ್ಲಿ ದುಡ್ಡಿಲ್ಲದಾಗ ಅದೇ ಸರಿ. ಪವರ್‌ಲೂಮ್ ಬಟ್ಟೆಗೆ ಕೈಮಗ್ಗದ ಬೆಲೆ ಕೊಡುವುದಷ್ಟೇ ತಪ್ಪು.

ಗಂಡಸರ ವಿಷಯಕ್ಕೆ ಬಂದರೆ ನಮ್ಮಲ್ಲಿ ಪರಂಪರೆಯ ಬಟ್ಟೆಯನ್ನು ಮೊದಲು ಬಿಟ್ಟವರೇ ಅವರು. ಧೋತರ ಬಿಟ್ಟಿದ್ದಕ್ಕೆ ಅವರು ಕೊಡುವ ಕಾರಣಗಳು ಮೂರು: ಕಟ್ಟಲು ಬರುವುದಿಲ್ಲ, ಬಿಚ್ಚಿಹೋಗುವ ಭಯ, ಮೊಬೈಲು–ಪಾಕೀಟು ಇಡಲು ಜಾಗವಿಲ್ಲ. ವೆಲ್ಕ್ರೋ ಪಟ್ಟಿ, ಒಳಗಿಸೆ ಇರುವ ಪಂಚೆಗಳು ಈ ಮೂರಕ್ಕೂ ಉತ್ತರ. ಅಂಥದ್ದನ್ನು ಉಟ್ಟರೆ ಪರಂಪರೆ ಕೆಟ್ಟಿತು ಎಂದು ಹಿರಿಯರು ನಗಬಾರದು. ಉಡುವ ಅಭ್ಯಾಸವಾದ ಮೇಲೆ ಕಚ್ಚೆ ಧೋತರ ಕಲಿಯುವುದು ಸುಲಭ. ಸೊಂಟಕ್ಕೆ ಸುತ್ತಿ ಗಂಟು ಹಾಕುವ ಮುನ್ನ ಎರಡೂ ಬದಿಯ ಉದ್ದ ಸಮವಿದೆಯೇ ನೋಡಿ, ಒಂದು ಬದಿಯನ್ನು ನೆರಿಗೆ ಮಾಡಿ ಮುಂದೆ ಸಿಕ್ಕಿಸಿ, ಇನ್ನೊಂದನ್ನು ಕಾಲ ನಡುವಿನಿಂದ ಹಿಂದಕ್ಕೆ ಒಯ್ದು ಬೆನ್ನ ಕೆಳಗೆ ಬಿಗಿಯಾಗಿ ಸಿಕ್ಕಿಸಿದರೆ ಮುಗಿಯಿತು. ಒಳಗೆ ಮೊಣಕಾಲ ತನಕದ ಚಡ್ಡಿ ಇದ್ದರೆ ಭಯವೂ ಇಲ್ಲ. ಕಚೇರಿಯಲ್ಲಿ ಸಾದಾ ಬಿಳಿ ಅಂಗಿಯೊಡನೆ, ಶಾಲೆಯಲ್ಲಿ ನೆಹರೂ ಶರ್ಟಿನೊಡನೆ ಧೋತರ ಗಂಭೀರವಾಗಿಯೇ ಕಾಣುತ್ತದೆ. ಅಷ್ಟೂ ಬೇಡವೆಂದರೆ ಖಾದಿಯ ನೆಹರೂ ಶರ್ಟನ್ನು ಪ್ಯಾಂಟಿನ ಮೇಲೆ ತೊಡಿ, ಬೇಸಿಗೆಯಲ್ಲಿ ಹೆಗಲಿಗೊಂದು ಕೈಮಗ್ಗದ ಟವೆಲ್ ಇರಲಿ. ಬೆವರು ಒರೆಸಲು, ತಲೆಗೆ ಸುತ್ತಲು, ಬಸ್ಸಿನ ಸೀಟು ಹಿಡಿಯಲು ಅದಕ್ಕಿಂತ ಉಪಯೋಗದ ವಸ್ತು ಬೇರಿಲ್ಲ.

ಎಲ್ಲಿ ಉಡಬಾರದು?

ಉಡುಪಿನ ಮೇಲಿನ ಅಭಿಮಾನ ಜೀವಕ್ಕೆ ಎರವಾಗಬಾರದು. ಸೆರಗು, ಓಢಣಿ, ಧೋತರದ ಇಳಿತುದಿ ಮೂರೂ ತಿರುಗುವ ಯಂತ್ರಕ್ಕೆ ಬಹು ಬೇಗ ಸಿಗುತ್ತವೆ. ಸಿಂಧನೂರಿನ ರೈಸ್‌ಮಿಲ್ಲುಗಳ ಬೆಲ್ಟಿನ ಹತ್ತಿರ, ರಾಶಿ ಮಷಿನ್ನಿಗೆ ಪೈರು ಕೊಡುವಾಗ, ಟ್ರ್ಯಾಕ್ಟರಿನ ಪಿ.ಟಿ.ಒ. ಶಾಫ್ಟ್ ತಿರುಗುತ್ತಿರುವಾಗ ಸಡಿಲ ಬಟ್ಟೆ ಬೇಡವೇ ಬೇಡ. ಅಲ್ಲಿಗೆ ಮೈಗೆ ಹತ್ತಿದ ಅಂಗಿ–ಪ್ಯಾಂಟೇ ಸರಿಯಾದ ಉಡುಪು. ಹಟ್ಟಿ ಚಿನ್ನದ ಗಣಿಯೊಳಗೆ ಇಳಿಯುವವರ ಹೆಲ್ಮೆಟ್ಟು, ಬೂಟುಗಳಿಗೆ ಪರಂಪರೆಯ ಪರ್ಯಾಯ ಇಲ್ಲ. ಬೈಕಿನ ಹಿಂದೆ ಕೂರುವವರ ಬಟ್ಟೆ ಚಕ್ರಕ್ಕೆ ಸಿಗದಂತೆ ಹಿಂದಿನ ಚಕ್ರದ ಕನಿಷ್ಠ ಅರ್ಧ ಭಾಗಕ್ಕೆ ರಕ್ಷಾಕವಚ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಅಂದಕ್ಕೆಂದು ಆ ‘ಸೀರೆ ಗಾರ್ಡ್’ ಕಳಚಿಸಿದವರು ಮತ್ತೆ ಹಾಕಿಸಲಿ. ಹತ್ತುವ ಮುನ್ನ ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿ. ನೆರಿಗೆಗಳನ್ನು ಎರಡು ಪಿನ್ನಿನಿಂದ ಕೂಡಿಸಿ. ಬೈಕ್ ಓಡಿಸುವ ಗಂಡಸರಿಗೆ ಇಳಿಬಿಟ್ಟ ಪಂಚೆಗಿಂತ ಕಚ್ಚೆ ಧೋತರ ಸುರಕ್ಷಿತ. ರುಮಾಲು ಸುತ್ತಿದ್ದೇನೆ, ಹೆಲ್ಮೆಟ್ ಏಕೆ ಎಂಬ ವಾದ ನಡೆಯುವುದಿಲ್ಲ. ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಪಗಡಿ ಧರಿಸಿದ ಸಿಖ್ಖರಿಗೆ ಮಾತ್ರ ವಿನಾಯಿತಿ ಕೊಟ್ಟಿದೆ.

ಒಗೆಯುವುದು, ಎತ್ತಿಡುವುದು

ದಿನವೂ ಉಡುವ ಬಟ್ಟೆ ದಿನವೂ ಒಗೆಸಿಕೊಳ್ಳಬೇಕು. ನಮ್ಮ ಕಡೆ ಅಲ್ಲೇ ತೊಡಕು. ಬೋರ್‌ವೆಲ್ಲಿನ ಸವಳು ನೀರಿನಲ್ಲಿ ಸಾಬೂನು ನೊರೆ ಬರುವುದಿಲ್ಲ, ಬಟ್ಟೆಯ ಮೇಲೆ ಬಿಳಿ ಕಲೆ ಕೂರುತ್ತದೆ, ಕೆಂಪು ಸೆರಗು ಮಂಕಾಗುತ್ತದೆ. ಹಿಡಿದಿಟ್ಟ ಮಳೆನೀರು ಅಥವಾ ನಳದ ನೀರನ್ನು ಕೈಮಗ್ಗದ ಬಟ್ಟೆಗೆ ಮೀಸಲಿಡಿ; ಅದು ಆಗದಿದ್ದರೆ ಕೊನೆಯ ಜಾಲಾಟಕ್ಕಾದರೂ ಬಳಸಿ. ಹೊಸ ಸೀರೆಯ ಮೂಲೆಯನ್ನು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಮೊದಲ ಕೆಲವು ಸಲ ತಣ್ಣೀರಿನಲ್ಲಿ ಒಂಟಿಯಾಗಿ ಒಗೆಯಿರಿ, ನೆನೆಹಾಕಿ ಬಿಡಬೇಡಿ. ಕೆಂಪು ಬಣ್ಣ ಮೈಗೆ ಇಳಿಯುವುದು ಹೆಚ್ಚಾಗಿ ನೆನೆಹಾಕಿ ಮರೆತಾಗಲೇ. ಸೆರಗಿನ ಜೋಡಣೆಯ ಗೆರೆಯನ್ನು ಹಿಂಡಬಾರದು, ಅಲ್ಲಿ ಪಿನ್ ಚುಚ್ಚಬಾರದು, ಕಲ್ಲಿಗೆ ಬಡಿಯಬಾರದು. ಎರೆಮಣ್ಣಿನ ಕೆಸರು ಹತ್ತಿದರೆ ಒದ್ದೆಯಿದ್ದಾಗ ಉಜ್ಜಬೇಡಿ, ಒಣಗಿಸಿ ಬ್ರಷ್ಷಿನಿಂದ ಉದುರಿಸಿ ಆಮೇಲೆ ತೊಳೆಯಿರಿ. ಭತ್ತದ ನಾಡಿನಲ್ಲಿ ಗಂಜಿಗೇನು ಬರ. ಅನ್ನ ಬಸಿದ ತಿಳಿಗಂಜಿಯಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಿದರೆ ಹತ್ತಿ ಸೀರೆಯ ನೆರಿಗೆ ದಿನವಿಡೀ ನಿಲ್ಲುತ್ತದೆ. ತಿಂಗಳುಗಟ್ಟಲೆ ಎತ್ತಿಡುವ ಸೀರೆಗೆ ಮಾತ್ರ ಗಂಜಿ ಬೇಡ, ಹುಳು ಬರುತ್ತದೆ. ಎತ್ತಿಡುವಾಗ ಹತ್ತಿ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬೇಡ. ಎರಡು ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟ ರೇಷ್ಮೆ ಆ ಗೆರೆಯಲ್ಲೇ ಸೀಳುತ್ತದೆ. ಹೊಸ ಸೀರೆಗೆ ಫಾಲ್ ಹಚ್ಚಿಸಿ, ಪೀಕೋ ಮಾಡಿಸಿ. ಅಂಚು ನೆಲಕ್ಕೆ ಉಜ್ಜಿ ಹರಿಯುವುದು ತಪ್ಪುತ್ತದೆ.

ಆಕ್ಷೇಪಗಳು

ಇಷ್ಟೆಲ್ಲ ಕೇಳಿದವರು ಮೊದಲು ಎತ್ತುವ ಪ್ರಶ್ನೆ ದುಡ್ಡು ಮತ್ತು ಹೊತ್ತಿನದು. ಕೈಮಗ್ಗದ ಸೀರೆಯ ಬೆಲೆಯಲ್ಲಿ ಎರಡು ಮೂರು ಪಾಲಿಯೆಸ್ಟರ್ ಸೀರೆ ಬರುತ್ತವೆ, ಅವಕ್ಕೆ ಇಸ್ತ್ರಿಯೂ ಬೇಡ. ಮಾತು ನಿಜ. ಆದರೆ ಬೆಲೆಯನ್ನು ಅಂಗಡಿಯಲ್ಲಿ ಕೊಟ್ಟ ಮೊತ್ತದಿಂದ ಅಳೆಯುವುದಕ್ಕಿಂತ ಎಷ್ಟು ಸಲ ಉಟ್ಟೆವು ಎಂಬುದರಿಂದ ಅಳೆಯಬೇಕು. ಟ್ರಂಕಿನಲ್ಲಿರುವ ಸೀರೆ ಒಂದೊಂದು ಸಲಕ್ಕೂ ಬಹಳ ದುಬಾರಿ. ಅದನ್ನೇ ವಾರಕ್ಕೊಮ್ಮೆ ಉಟ್ಟರೆ ಆ ಲೆಕ್ಕ ಇಳಿಯುತ್ತದೆ. ಬಿಸಿಲಿಗೆ ಪಾಲಿಯೆಸ್ಟರ್ ಮೈಗೆ ಅಂಟಿ ಬೆವರುಸಾಲೆ ಏಳುವುದು, ಹತ್ತಿ ಬೆವರು ಹೀರಿ ತಂಪಾಗಿಡುವುದು ಈ ಸೀಮೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಹೊತ್ತಿನ ಮಾತಿಗೂ ಅಷ್ಟೇ: ವಾರದ ಏಳೂ ದಿನ ಸೀರೆ ಉಡಿ ಎಂಬುದು ಈ ಲೇಖನದ ವಾದವಲ್ಲ. ಮನೆಯಲ್ಲಿ ನೈಟಿ ಹಿತವೆನಿಸಿದರೆ ನೈಟಿಯೇ ಇರಲಿ. ವಾರಕ್ಕೊಂದು ದಿನ ಮೊದಲೇ ಗೊತ್ತುಮಾಡಿ, ಹಿಂದಿನ ರಾತ್ರಿ ನೆರಿಗೆ ಹಿಡಿದು ಇಸ್ತ್ರಿ ಮಾಡಿಟ್ಟರೆ ಬೆಳಿಗ್ಗೆ ಅವಸರ ಇರುವುದಿಲ್ಲ.

ಎರಡನೆಯ ಆಕ್ಷೇಪ ಗಟ್ಟಿಯದು: ಪರಂಪರೆ ಉಳಿಸುವ ಭಾರವೆಲ್ಲ ಹೆಣ್ಣಿನ ಹೆಗಲಿಗೇ ಏಕೆ? ಗಂಡ ಜೀನ್ಸ್ ತೊಟ್ಟು ಬರುವ ಮದುವೆಗೆ ಹೆಂಡತಿ ಮಾತ್ರ ದಡಿ ಸೀರೆ ಉಡಬೇಕೆಂಬ ನಿಯಮ ಯಾರು ಮಾಡಿದರು? ಈ ಪ್ರಶ್ನೆಗೆ ನೇರ ಉತ್ತರ ಕೊಡದೆ ಸಾಂಪ್ರದಾಯಿಕ ಉಡುಗೆಯ ಪರ ಮಾತಾಡುವವರ ಮೇಲೆ ಅನುಮಾನ ಪಡುವುದೇ ಸರಿ. ಸೂತ್ರ ಇಷ್ಟು: ಮನೆಯಲ್ಲಾಗಲಿ, ಶಾಲೆ–ಕಚೇರಿಯಲ್ಲಾಗಲಿ, ಸಾಂಪ್ರದಾಯಿಕ ಉಡುಪಿನ ದಿನ ಎಂದರೆ ಗಂಡಸರಿಗೂ ಅದೇ ದಿನ. ಅವರು ಧೋತರ ಉಡಲು ತಯಾರಿಲ್ಲದಿದ್ದರೆ ಹೆಂಗಸರಿಗೂ ಆ ದಿನ ಬೇಡ. ಸೊಸೆಗೆ, ಶಿಕ್ಷಕಿಗೆ, ವಿದ್ಯಾರ್ಥಿನಿಗೆ ಹೇರಿದ ಸೀರೆ ನೇಕಾರನಿಗೂ ಒಳಿತು ಮಾಡುವುದಿಲ್ಲ. ಅವಕಾಶ ಸಿಕ್ಕ ದಿನವೇ ಆಕೆ ಅದನ್ನು ಬಿಡುತ್ತಾಳೆ, ಮಗಳಿಗೂ ಬೇಡವೆನ್ನುತ್ತಾಳೆ.

ಮೂರನೆಯದು ಜಾತಿಯ ಮಾತು, ಅದನ್ನು ಬದಿಗೆ ಸರಿಸುವಂತಿಲ್ಲ. ಹಳೆಯ ಉಡುಪುಗಳು ಯಾರು ಯಾವ ಕುಲ ಎಂದು ದೂರದಿಂದಲೇ ಸಾರುತ್ತಿದ್ದವು. ಸೀರೆ ಎಷ್ಟು ಉದ್ದ ಇಳಿಯಬೇಕು, ಧೋತರ ಮೊಣಕಾಲ ಕೆಳಗೆ ಬರಬಹುದೇ, ರುಮಾಲು ಯಾರು ಸುತ್ತಬಹುದು ಎಂಬುದೆಲ್ಲ ಊರಿನ ಮೇಲುಕೀಳಿನ ಭಾಗವಾಗಿತ್ತು. 1927ರ ಡಿಸೆಂಬರಿನಲ್ಲಿ ಮಹಾಡದ ಸತ್ಯಾಗ್ರಹದ ವೇಳೆ ಡಾ. ಅಂಬೇಡ್ಕರ್ ದಲಿತ ಹೆಣ್ಣುಮಕ್ಕಳಿಗೆ ಕುಲ ಸಾರುವ ಹಳೆಯ ರೀತಿಯ ಉಡುಗೆ ಬಿಟ್ಟು, ಮೇಲ್ಜಾತಿಯವರಂತೆ ಪಾದದ ತನಕ ಸೀರೆ ಉಡಲು ಕರೆಕೊಟ್ಟರು. ಅವರು ಬಿಡಿಸಿದ್ದು ಸೀರೆಯನ್ನಲ್ಲ, ಸೀರೆಗೆ ಅಂಟಿದ್ದ ಅವಮಾನವನ್ನು. ಜರ್ಮನ್ ಭಾಷೆಯ ನಾಡುಗಳಲ್ಲಿ ಇದರ ತಿರುವುಮುರುವು ನಡೆಯಿತು. ಮ್ಯೂನಿಕ್‌ನಲ್ಲಿ ಡಿರ್ಂಡ್ಲನ್ನು ನಗರದವರ ಮೆಚ್ಚುಗೆಯ ಉಡುಪಾಗಿಸಿದವರಲ್ಲಿ ಯೂಲಿಯುಸ್ ಮತ್ತು ಮೋರಿಟ್ಸ್ ವಾಲಾಖ್ ಎಂಬ ಯಹೂದಿ ಸಹೋದರರು ಪ್ರಮುಖರು. ಆದರೆ ನಾಜಿಗಳ ಕಾಲದಲ್ಲಿ, 1938ರಲ್ಲಿ, ಆಸ್ಟ್ರಿಯಾದ ಸಾಲ್ಸ್‌ಬರ್ಗ್‌ನಲ್ಲಿ ಯಹೂದಿಗಳು ಆ ಉಡುಪು ತೊಡುವುದನ್ನೇ ನಿಷೇಧಿಸಲಾಯಿತು. ನಮ್ಮ ಉಡುಪು ನಮ್ಮವರಿಗಷ್ಟೇ ಎಂದು ಬೇಲಿ ಹಾಕಿದರೆ ಅದು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಸಿಂಧನೂರಿನಂಥ ಊರಿನಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಇಲ್ಲಿ ಕಾಲುವೆಯ ನೀರಿನ ಜತೆ ಬಂದು ಕ್ಯಾಂಪ್ ಕಟ್ಟಿದ ಆಂಧ್ರದ ಕುಟುಂಬಗಳಿವೆ, ಆರ್.ಎಚ್. (ಪುನರ್ವಸತಿ) ಕ್ಯಾಂಪ್‌ಗಳಲ್ಲಿ ನೆಲೆ ನಿಂತ ಬಂಗಾಳಿಗಳಿದ್ದಾರೆ, ಮುಸ್ಲಿಮರಿದ್ದಾರೆ, ತಾಂಡಾದವರಿದ್ದಾರೆ. ಇಳಕಲ್ ಸೀರೆಯನ್ನು ‘ಸ್ಥಳೀಯರು’ ಯಾರೆಂದು ಅಳೆಯುವ ಕೋಲು ಮಾಡಿದರೆ ಅದನ್ನು ಉಡುವ ಕೈಗಳು ಕಡಿಮೆಯಾಗುತ್ತವೆ. ಬಂಗಾಳಿ ಹೆಣ್ಣುಮಗಳು ತಾನು ಕಲಿತ ರೀತಿಯಲ್ಲಿ ಇಳಕಲ್ ಉಟ್ಟರೆ, ತೆಲುಗು ಮನೆಯವರು ಖಣದ ಕುಪ್ಪಸ ಹೊಲಿಸಿದರೆ ಮಗ್ಗಕ್ಕೆ ಲಾಭವೇ ಹೊರತು ನಷ್ಟವಿಲ್ಲ. ಅದೇ ರೀತಿ ಈ ಉಡುಪು ತೊಟ್ಟವರನ್ನು ತಡೆಯುವ ಬಾಗಿಲುಗಳೂ ಇರಬಾರದು. 2024ರ ಜುಲೈನಲ್ಲಿ ಧೋತರ ಉಟ್ಟ ಹಾವೇರಿ ಜಿಲ್ಲೆಯ ರೈತರೊಬ್ಬರನ್ನು ಬೆಂಗಳೂರಿನ ಮಾಲ್ ಒಂದರಲ್ಲಿ ತಡೆದಾಗ ಸರ್ಕಾರ ಆ ಮಾಲನ್ನು ಒಂದು ವಾರ ಮುಚ್ಚಿಸಲು ಮುಂದಾಯಿತು. ಚೆನ್ನೈನ ಕ್ಲಬ್ಬೊಂದು ವೇಷ್ಟಿ (ಪಂಚೆ) ಉಟ್ಟ ಹೈಕೋರ್ಟ್ ನ್ಯಾಯಮೂರ್ತಿಗೇ ಪ್ರವೇಶ ನಿರಾಕರಿಸಿದ ಬಳಿಕ ತಮಿಳುನಾಡು 2014ರಲ್ಲಿ ಇದಕ್ಕೆಂದೇ ಕಾಯ್ದೆ ತಂದಿತು. ಕಾನೂನು ಇರುವುದು ಒಳ್ಳೆಯದು. ಆದರೆ ಧೋತರ ಉಟ್ಟ ಬ್ಯಾಂಕ್ ನೌಕರ, ಮಾಸ್ತರ, ವಕೀಲರ ಕಾರಕೂನ ಕಣ್ಣಿಗೆ ನಿತ್ಯ ಬಿದ್ದರೆ ಬಾಗಿಲು ಕಾಯುವವನಿಗೆ ಆ ಬಟ್ಟೆ ವಿಚಿತ್ರವೆನಿಸುವುದೇ ಇಲ್ಲ. ಗಣ್ಯರು ಜಯಂತಿಗೊಮ್ಮೆ ಉಟ್ಟು ಭಾಷಣ ಮಾಡುವುದರಿಂದ ಈ ರೂಢಿ ಹುಟ್ಟುವುದಿಲ್ಲ.

ಕೊನೆಗೆ ಕೊಳ್ಳುವ ಕಾಲದ ಬಗ್ಗೆ ಒಂದು ಸಲಹೆ. ಮದುವೆ ಹಂಗಾಮಿನಲ್ಲಿ ಅಂಗಡಿಗಳು ತುಂಬಿರುತ್ತವೆ, ಬೆಲೆಯೂ ಏರಿರುತ್ತದೆ, ಆರಿಸಲು ಪುರಸೊತ್ತೂ ಇರುವುದಿಲ್ಲ. ಆಷಾಢದಂಥ ಮಂದ ತಿಂಗಳಲ್ಲಿ ಒಂದು ಸಾದಾ ಹತ್ತಿ ಇಳಕಲ್, ಎರಡು ಖಣ, ಒಂದು ಜೊತೆ ಧೋತರ ಕೊಳ್ಳಿ. ನೇಕಾರನ ಕೈಗೆ ಕೆಲಸ ತೀರಾ ಬೇಕಾದ ಹೊತ್ತು ಅದೇ, ನಿಮಗೆ ನಿಧಾನವಾಗಿ ನೋಡಿ ಆರಿಸಲು ಅನುಕೂಲವಾದ ಹೊತ್ತೂ ಅದೇ. ಕೊಂಡದ್ದನ್ನು ಹಬ್ಬಕ್ಕೆ ಕಾಯದೆ ಮುಂದಿನ ವಾರವೇ ಉಟ್ಟು ಕೆಲಸಕ್ಕೆ ಹೋಗಿ. ಸವೆದಾಗ ಬೇಸರ ಬೇಡ. ಇನ್ನೊಂದು ಕೊಳ್ಳಲು ಅದಕ್ಕಿಂತ ಒಳ್ಳೆಯ ಕಾರಣ ಬೇರಿಲ್ಲ.